ಶಾಸ್ತ್ರೀಜಿ ಎಂದರೆ ಬರೀ ಸರಳತೆಯಲ್ಲ

ಮಾನ್ಯ ಸಂಪಾದಕರೇ,

ಅಕ್ಟೋಬರ್ 2 ಬಂತೆಂದರೆ ಪತ್ರಿಕೆಗಳ ಮಕ್ಕಳ ಪುಟದಲ್ಲಿ ಗಾಂಧೀಜಿ ಪಕ್ಕ ಲಾಲ್ ಬಹದ್ದೂರ್ ಶಾಸ್ತ್ರಿಯವರ ಪುಟ್ಟ ಜೀವನಚರಿತ್ರೆಯೂ ಬರುತ್ತದೆ. ಬಡತನ, ಸರಳತೆ, ಪ್ರಾಮಾಣಿಕತೆ, ಕೊನೆಗೆ ತಾಷ್ಕೆಂಟ್. ಅವರ ಸರಳತೆ ನಿಜ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಅವರು ಪ್ರಧಾನಿಯಾಗಿ ಏನು ಮಾಡಿದರು ಅಂತ ಕೇಳಿದರೆ, ಅದನ್ನು ಓದಿದ ಮಗುವಿಗೆ 'ಜೈ ಜವಾನ್ ಜೈ ಕಿಸಾನ್' ಬಿಟ್ಟರೆ ಹೇಳಲು ಏನೂ ಇರುವುದಿಲ್ಲ.

ಮೊದಲು ದಿನಾಂಕದ ವಿಷಯ. ಆಲಮಟ್ಟಿ ಅಣೆಕಟ್ಟಿಗೆ 1964ರ ಮೇ 22ರಂದು 'ಅಂದಿನ ಪ್ರಧಾನಿ' ಶಾಸ್ತ್ರಿಯವರು ಅಡಿಗಲ್ಲು ಹಾಕಿದರು ಅಂತ ಎಷ್ಟೋ ಕಡೆ ಬರೆದಿರುತ್ತದೆ. ಆ ದಿನ ನೆಹರೂ ಇನ್ನೂ ಬದುಕಿದ್ದರು, ಅವರೇ ಪ್ರಧಾನಿ. ಅವರು ತೀರಿಕೊಂಡಿದ್ದು ಮೇ 27ಕ್ಕೆ, ಶಾಸ್ತ್ರಿಯವರು ಪ್ರಮಾಣವಚನ ತೆಗೆದುಕೊಂಡಿದ್ದು ಜೂನ್ 9ಕ್ಕೆ. ಅಲ್ಲಿವರೆಗೆ ಅವರು ಖಾತೆಯಿಲ್ಲದ ಸಚಿವರು. ದಿನಾಂಕಗಳನ್ನು ಪಕ್ಕಪಕ್ಕ ಇಟ್ಟು ನೋಡಿದ್ದರೆ ಸಾಕಿತ್ತು, ಅಲ್ವಾ?

ರಾಜೀನಾಮೆಯ ಕಥೆಯೂ ಹಾಗೆಯೇ, ಅರ್ಧ. 1956ರಲ್ಲಿ ಮೆಹಬೂಬ್‌ನಗರದ ಹತ್ತಿರ ರೈಲು ಅಪಘಾತವಾದಾಗ ರೈಲ್ವೆ ಸಚಿವರಾಗಿದ್ದ ಅವರು ರಾಜೀನಾಮೆ ಕೊಟ್ಟರು, ನೆಹರೂ ಒಪ್ಪಲಿಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ ತಮಿಳುನಾಡಿನ ಅರಿಯಲೂರಿನಲ್ಲಿ ಮತ್ತೊಂದು ಅಪಘಾತವಾಯಿತು, ಮತ್ತೆ ಕೊಟ್ಟರು, ಈ ಸಲ ಅಂಗೀಕಾರವಾಯಿತು. ಎರಡನ್ನೂ ಹೇಳಿದರೆ ಆ ಮನುಷ್ಯನ ಹಟ ಕಾಣಿಸುತ್ತದೆ. ಒಂದೇ ಹೇಳಿದರೆ ಅದು ನೀತಿಕಥೆಯಾಗಿಬಿಡುತ್ತದೆ.

ತಾಷ್ಕೆಂಟ್ ವಿಷಯದಲ್ಲಿ ಗೊತ್ತಿರುವುದನ್ನಷ್ಟೇ ಬರೆಯಿರಿ. ಪಾಕಿಸ್ತಾನದ ಜೊತೆಗಿನ ಶಾಂತಿ ಒಪ್ಪಂದಕ್ಕೆ ಅಲ್ಲಿ 1966ರ ಜನವರಿ 10ಕ್ಕೆ ಸಹಿ ಬಿತ್ತು, 11ರ ನಸುಕಿನಲ್ಲಿ ಅವರು ತೀರಿಕೊಂಡರು. ಸರ್ಕಾರ ಹೃದಯಾಘಾತ ಎಂದಿತು. ಮರಣೋತ್ತರ ಪರೀಕ್ಷೆ ನಡೆಯಲಿಲ್ಲ, ಮನೆಯವರಿಗೆ ಅನುಮಾನ ಹೋಗಲಿಲ್ಲ. ಇದಕ್ಕಿಂತ ಜಾಸ್ತಿ ಸೇರಿಸಿದರೆ ಸುಮ್ನೆ ಪತ್ತೇದಾರಿ ಕಥೆ.

ಜಾಗ ಬೇಕಿರುವುದು ನಡುವಿನ ಆ 19 ತಿಂಗಳಿಗೆ. ಕೃಷಿ ಖಾತೆಯನ್ನು ಸಿ. ಸುಬ್ರಮಣ್ಯಂ ಅವರಿಗೆ ಕೊಟ್ಟರು. ಭಾರತೀಯ ಆಹಾರ ನಿಗಮ ಶುರುವಾಗಿದ್ದು 1965ರಲ್ಲಿ. ಗುಜರಾತಿನ ಆನಂದ್‌ಗೆ ಹೋಗಿ ಹಾಲಿನ ಸಹಕಾರ ಸಂಘಗಳನ್ನು ಕಣ್ಣಾರೆ ನೋಡಿ ಬಂದ ಮೇಲೆ, ಇದು ದೇಶಕ್ಕೆಲ್ಲ ಆಗಬೇಕು ಅಂತ ರಾಷ್ಟ್ರೀಯ ಹೈನುಗಾರಿಕೆ ಅಭಿವೃದ್ಧಿ ಮಂಡಳಿ ಹುಟ್ಟಿದ್ದೂ ಅದೇ ವರ್ಷ.

ಕಹಿಯೂ ಇದೆ, ಅದನ್ನು ಮುಚ್ಚಬೇಡಿ. 1965ರ ಆರಂಭದಲ್ಲಿ ಹಿಂದಿಯೊಂದೇ ಆಡಳಿತ ಭಾಷೆಯಾಗುತ್ತದೆ ಎಂಬ ವಿಷಯಕ್ಕೆ ತಮಿಳುನಾಡು ಹೊತ್ತಿ ಉರಿಯಿತು, ಜನ ಸತ್ತರು, ಇದೇ ಸುಬ್ರಮಣ್ಯಂ ರಾಜೀನಾಮೆಗೆ ಮುಂದಾದರು, ಆಮೇಲೆ ಶಾಸ್ತ್ರಿಯವರು ರೇಡಿಯೋದಲ್ಲಿ ಇಂಗ್ಲಿಷ್ ಮುಂದುವರಿಯುತ್ತದೆ ಅಂತ ಭರವಸೆ ಕೊಡಬೇಕಾಯಿತು. ಅದಕ್ಕೂ ಮುಂಚೆ, 1964ರ ಅಕ್ಟೋಬರ್‌ನಲ್ಲಿ, ಶ್ರೀಲಂಕಾದ ಪ್ರಧಾನಿ ಸಿರಿಮಾವೊ ಬಂಡಾರನಾಯಕೆ ಜೊತೆ ಒಪ್ಪಂದ ಮಾಡಿಕೊಂಡು ಅಲ್ಲಿನ ತೋಟಗಳ 5,25,000 ತಮಿಳರನ್ನು ಭಾರತಕ್ಕೆ ಕರೆಸಿಕೊಳ್ಳಲು ಒಪ್ಪಿದರು. ಆ ಕೂಲಿಗಳ ಅಭಿಪ್ರಾಯ ಯಾರೂ ಕೇಳಲಿಲ್ಲ. ಹಾಗೆ ಬಂದವರಲ್ಲಿ ಕೆಲವರು ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲಿ ನೆಲೆನಿಂತರು. ದಕ್ಷಿಣ ಕನ್ನಡದ ಮಕ್ಕಳು ಓದುವ ಪುಟದಲ್ಲಿ ಇದಕ್ಕೆ ಎರಡು ಸಾಲು ಕೊಡಿ, ಬಾಲ್ಯದ ಕಥೆ ಸ್ವಲ್ಪ ಕಮ್ಮಿಯಾದರೂ ಪರವಾಗಿಲ್ಲ.

ಇಂತಿ,
ನಿಮ್ಮ ಓದುಗ