ಮಗಳಿಗೊಂದು ಪತ್ರ: ತುಪ್ಪಟ ಹಾಕುವ ಮುಂಚೆ

ಪ್ರೀತಿಯ ಪುಟ್ಟಿಗೆ,

ನಿನ್ನೆ ರಾತ್ರಿ ನೀನು ಕಳಿಸಿದ ಮೆಸೇಜನ್ನು ನಾಲ್ಕು ಸಲ ಓದಿದೆ. ಫೋನಿನಲ್ಲಿ ಮಾತಾಡಿದರೆ ಇಬ್ಬರೂ ಅಳುತ್ತೇವೆ, ಹೇಳಬೇಕಾದ್ದು ಹಾಗೇ ಉಳಿದುಬಿಡುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಜರ್ಮನಿಯ ಆಸ್ಪತ್ರೆಯಿಂದ ನರ್ಸ್ ಕೆಲಸದ ಪತ್ರ ಬಂದಿದೆ. ಜರ್ಮನ್ ಭಾಷೆಯ ಬಿ2 ಪರೀಕ್ಷೆ ಪಾಸಾಗಿದ್ದೀಯ. ಬೆಂಗಳೂರಿನಿಂದ ರಜೆಗೆ ಬಂದಾಗಲೂ ಬೆಳಗಿನ ಜಾವ ಎದ್ದು ಆ ಭಾಷೆ ಓದುತ್ತಿದ್ದೆ, ನೋಡಿದ್ದೇನೆ. ಈ ಕಡೆ ಅಪ್ಪ. ಸ್ಟ್ರೋಕ್ ಆಗಿ ಎಂಟು ತಿಂಗಳಾಯಿತು, ಬಲಗೈ ಇನ್ನೂ ಮಾತು ಕೇಳುತ್ತಿಲ್ಲ. "ದೇವರ ಚಿತ್ತ ಏನು ಅಂತ ಗೊತ್ತಾಗ್ತಿಲ್ಲ ಅಮ್ಮಾ. 15ರೊಳಗೆ ವೀಸಾ ಅಪಾಯಿಂಟ್‌ಮೆಂಟ್ ಸಿಕ್ಕಿದ್ರೆ ಹೋಗ್ತೇನೆ, ಇಲ್ಲಾಂದ್ರೆ ಇಲ್ಲ. ಗಿದ್ಯೋನನ ಹಾಗೆ" ಎಂದು ಬರೆದಿದ್ದೀಯ.

ಗಿದ್ಯೋನನ ಕಥೆ ಇನ್ನೊಮ್ಮೆ ಓದು ಮಗಳೇ. ಬೈಬಲಿನ ನ್ಯಾಯಸ್ಥಾಪಕರು ಪುಸ್ತಕ, 6ನೇ ಅಧ್ಯಾಯ. ಸಂಡೇ ಸ್ಕೂಲಿನಿಂದ ನಮಗೆ ನೆನಪಿರುವುದು ಅವನು ದೇವರಿಂದ ಗುರುತು ಕೇಳಿ ರಾತ್ರಿ ನೆಲದ ಮೇಲೆ ಹಾಕಿದ ಕುರಿಯ ತುಪ್ಪಟ ಮಾತ್ರ ಇಬ್ಬನಿಯಿಂದ ಒದ್ದೆಯಾದದ್ದು, ಸುತ್ತಲ ನೆಲ ಒಣಗಿದ್ದದ್ದು ಅಷ್ಟೇ. ಆದರೆ ಅವನು ತುಪ್ಪಟ ಹಾಕುವ ಮುಂಚೆಯೇ ದೇವರು ಅವನಿಗೆ ಹೇಳಿಯಾಗಿತ್ತು. ಮಿದ್ಯಾನ್ಯರ ಕೈಯಿಂದ ಇಸ್ರಾಯೇಲ್ಯರನ್ನು ಬಿಡಿಸು, ನಾನು ನಿನ್ನ ಸಂಗಡ ಇರುತ್ತೇನೆ ಎಂದು. ಗಿದ್ಯೋನನೇ 'ನೀನು ಹೇಳಿದ ಹಾಗೆ' ಎನ್ನುತ್ತಾನೆ. ಅಂದರೆ ಅವನಿಗೆ ಗೊತ್ತಿತ್ತು. ಭಯವಿತ್ತು. ಎರಡನೇ ಸಲ ಕೇಳುವಾಗ ಕೋಪ ಮಾಡಿಕೊಳ್ಳಬೇಡ ಎಂದು ಬೇಡಿಕೊಳ್ಳುತ್ತಾನೆ. ದೇವರು ಆ ಭಯವನ್ನು ತಾಳಿಕೊಂಡನು, ನಿಜ. ಆದರೆ ಚಿತ್ತ ತಿಳಿಯುವ ದಾರಿ ಇದು ಎಂದು ನಮಗೆ ಎಲ್ಲೂ ಹೇಳಿಲ್ಲ. ವೀಸಾ ಸ್ಲಾಟ್ ಸಿಗುವುದು ಬಿಡುವುದು ಎಷ್ಟು ಜನ ಕಾಯುತ್ತಿದ್ದಾರೆ ಎಂಬುದರ ಮೇಲೆ ಹೋಗುತ್ತದೆ. ಸಿಗದೇ ಹೋದರೆ ದೇವರೇ ಬೇಡ ಅಂದನು ಎಂದುಕೊಂಡು ನೀನು ಜೀವನವಿಡೀ ಇರುತ್ತೀಯಲ್ಲ, ನನಗೆ ಅದೇ ಭಯ.

ನಾನೂ ಇಂಥದ್ದು ಮಾಡಿದ್ದೇನೆ. ನಿನಗೆ ಹೇಳಿರಲಿಲ್ಲ. ನೀನು ಹುಟ್ಟುವ ಮುಂಚೆ ಒಂದು ಶಾಲೆಯಲ್ಲಿ ಟೀಚರ್ ಆಗಿದ್ದೆ. ಹೆಡ್‌ಮಿಸ್ಸಿಗೂ ನನಗೂ ಸರಿ ಬರುತ್ತಿರಲಿಲ್ಲ. ಒಂದು ರಾತ್ರಿ ಕಣ್ಣು ಮುಚ್ಚಿ ಬೈಬಲ್ ತೆರೆದು ಬೆರಳಿಟ್ಟೆ. ಧರ್ಮೋಪದೇಶಕಾಂಡ 1:6. ನೀವು ಈ ಬೆಟ್ಟದ ಹತ್ತಿರ ಇದ್ದದ್ದು ಸಾಕು ಎನ್ನುವ ಮಾತು. ಮೈ ಜುಮ್ಮೆಂದಿತು. ಮರುದಿನವೇ ರಾಜೀನಾಮೆ ಕೊಟ್ಟೆ. ಅದು ಹೋರೇಬ್ ಬೆಟ್ಟದ ಹತ್ತಿರ ತಂಗಿದ್ದ ಇಸ್ರಾಯೇಲ್ಯರಿಗೆ ಹೇಳಿದ್ದು. ನನಗೆ ಬೇಕಾದ್ದನ್ನು ನಾನು ಅದರಲ್ಲಿ ಕಂಡೆ. ಆಮೇಲೆ ಮೂರು ವರ್ಷ ಕೆಲಸ ಸಿಗಲಿಲ್ಲ. ಅಪ್ಪನ ಒಬ್ಬರ ಸಂಬಳದಲ್ಲಿ ಬಾಡಿಗೆ, ಅಜ್ಜಿಯ ಔಷಧಿ, ಎಲ್ಲ. ನೀನೇ ಹೇಳಿದೆಯಲ್ಲ ಎಂದು ರಾತ್ರಿಗಳಲ್ಲಿ ದೇವರ ಹತ್ತಿರ ಜಗಳ ಆಡಿದೆ. ಆತನು ಹೇಳಿರಲಿಲ್ಲ. ನನ್ನ ಸಿಟ್ಟಿಗೆ ನಾನು ಆತನ ಸಹಿ ಹಾಕಿಕೊಂಡಿದ್ದೆ. ಇದನ್ನು ಒಪ್ಪಿಕೊಳ್ಳಲು ತುಂಬ ವರ್ಷ ಹಿಡಿಯಿತು.

ಈಗ ನನಗೆ ಅನ್ನಿಸುವುದು ಇಷ್ಟು. ಆತನ ಚಿತ್ತದ ಜಾಸ್ತಿ ಭಾಗ ಆಗಲೇ ಬರೆದಿದೆ. ಸುಳ್ಳು ಹೇಳಬೇಡ. ಕೂಲಿಯವನ ಕೂಲಿ ಹಿಡಿಯಬೇಡ. ತಂದೆತಾಯಿಗಳನ್ನು ಸನ್ಮಾನಿಸು. ಇದಕ್ಕೆಲ್ಲ ತುಪ್ಪಟ ಬೇಡ. ಜರ್ಮನಿಯೋ ಮಂಗಳೂರೋ ಎಂಬುದು ಮಾತ್ರ ಬರೆದಿಲ್ಲ. ಅಲ್ಲಿ ಹೊಸ ಒಡಂಬಡಿಕೆಯಲ್ಲಿ ಪತ್ರ ಬರೆದ ಯಾಕೋಬನ ಮಾತು ಹಿಡಿದುಕೊಳ್ಳಬೇಕು. ಜ್ಞಾನ ಕಡಿಮೆಯಿದ್ದವನು ದೇವರನ್ನು ಕೇಳಿಕೊಳ್ಳಲಿ, ಆತನು ಹಂಗಿಸದೆ ಧಾರಾಳವಾಗಿ ಕೊಡುತ್ತಾನೆ ಎನ್ನುತ್ತಾನೆ ಅವನು. ಗುರುತು ಕೊಡುತ್ತಾನೆ ಎಂದಿಲ್ಲ ನೋಡು. ಜ್ಞಾನ ಕೊಡುತ್ತಾನೆ ಎಂದಿದೆ. ಯೋಚಿಸುವ ಕೆಲಸ ನಿನ್ನ ಪಾಲಿಗೇ ಉಳಿಯುತ್ತದೆ.

ಹಾಗಾಗಿ ಕೇಳುತ್ತೇನೆ. ಕಾಂಟ್ರಾಕ್ಟ್ ಪೂರ್ತಿ ಓದಿದೆಯಾ? ನಡುವೆ ಬಿಟ್ಟು ಬಂದರೆ ಎಷ್ಟು ದುಡ್ಡು ಕಟ್ಟಬೇಕು? ಏಜೆಂಟ್ ಸರ್ಕಾರದಲ್ಲಿ ನೋಂದಣಿ ಆದವರಾ ಎಂದು ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ನೋಡಿದೆಯಾ? ನಿನ್ನ ಡಿಗ್ರಿಗೆ ಅಲ್ಲಿ ಮಾನ್ಯತೆ ಸಿಗುವವರೆಗೆ ಸಂಬಳ ಎಷ್ಟು? ಆಗಲೇ ಹೋಗಿರುವ ನರ್ಸ್‌ಗಳ ಹತ್ತಿರ ಮಾತಾಡು. ಪ್ರಾರ್ಥನೆ ಬೇರೆ, ಇದು ಬೇರೆ ಎಂದುಕೊಳ್ಳಬೇಡ. ಮೊಣಕಾಲೂರಿ ಕೇಳಿದ್ದಕ್ಕೆ ಉತ್ತರ ಆ ಕಾಗದಗಳಲ್ಲೂ ಇರಬಹುದು.

ಪ್ರಾರ್ಥನಾ ಕೂಟದ ಆಂಟಿ ನೀನು ನೀರಿನ ಆಚೆ ದಡದಲ್ಲಿ ಅಳುತ್ತಾ ನಿಂತದ್ದನ್ನು ದರ್ಶನದಲ್ಲಿ ಕಂಡರು ಎಂದೆಯಲ್ಲ. ಪ್ರವಾದನೆಯನ್ನು ಹೀನೈಸಬೇಡಿ, ಎಲ್ಲವನ್ನೂ ಪರಿಶೋಧಿಸಿ ಎಂದು ಪೌಲ ಥೆಸಲೋನಿಕದವರಿಗೆ ಒಂದೇ ಉಸಿರಿನಲ್ಲಿ ಬರೆದಿದ್ದಾನೆ. ಅವರ ಪ್ರೀತಿ ದೊಡ್ಡದು. ಆದರೆ ನೀನು ಹೋದರೆ ಹೇಗಪ್ಪಾ ಎಂದು ಅವರ ಮುಂದೆ ಅತ್ತವಳು ನಾನು. ಅದನ್ನೂ ಲೆಕ್ಕಕ್ಕೆ ತೆಗೆದುಕೋ. ನನ್ನನ್ನು ಕ್ಷಮಿಸು.

ನೀನು ಹತ್ತಿರ ಇರಬೇಕು ಎಂಬುದು ನನ್ನ ಆಸೆ. ಮುಚ್ಚಿಡುವುದಿಲ್ಲ. ಆದರೆ ಅದಕ್ಕೆ ದೇವರ ಚಿತ್ತ ಎಂದು ಹೆಸರಿಡಲಾರೆ.

ಬಲ್ಮಠದ ಕಡೆ ಹೋದಾಗ ಈಗೀಗ ಕಿಟೆಲ್ ನೆನಪಾಗುತ್ತಾರೆ. ನೀನು ಹೊರಟ ದೇಶದಿಂದ 1853ರಲ್ಲಿ ಇಲ್ಲಿಗೆ ಬಂದವರು. 1877ರಲ್ಲಿ ಊರಿಗೆ ಮರಳಿದವರು 1883ರಲ್ಲಿ, ಐವತ್ತು ದಾಟಿದ ಮೇಲೆ, ಮನೆಯವರನ್ನು ಅಲ್ಲೇ ಬಿಟ್ಟು ನಿಘಂಟು ಮುಗಿಸಲು ಮತ್ತೆ ಬಂದರು. 1894ರಲ್ಲಿ ಅದು ಇಲ್ಲೇ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ ಅಚ್ಚಾಯಿತು. ಕನ್ನಡಕ್ಕೆ ಅದರಿಂದ ಎಷ್ಟು ಉಪಕಾರವಾಯಿತು ಎಂದು ನಿನಗೆ ಗೊತ್ತು. ಆದರೂ ಅಷ್ಟು ವರ್ಷ ಆ ಮನೆಯಲ್ಲಿ ಊಟಕ್ಕೆ ಕೂತಾಗ ಹೇಗಿತ್ತೋ ಎಂದು ನನ್ನ ಮನಸ್ಸು ಅಲ್ಲಿಗೇ ಹೋಗುತ್ತದೆ. ಒಳ್ಳೆಯ ಕೆಲಸಕ್ಕೆ ಹೊರಟರೂ ಯಾರೋ ಹಿಂದೆ ಉಳಿಯುತ್ತಾರೆ. ನೋವಾಯಿತು ಎಂದ ಮಾತ್ರಕ್ಕೆ ದಾರಿ ತಪ್ಪು ಎಂದು ಹೇಳಲಾರೆ. ನೋವೇ ಇಲ್ಲ ಎಂದು ನಟಿಸುವುದೂ ಬೇಡ.

ಕೊರ್ಬಾನ್, ಅಂದರೆ ಇದು ದೇವರಿಗೆ ಮೀಸಲು, ಎಂದು ದೇವರ ಹೆಸರು ಹೇಳಿ ತಂದೆತಾಯಿಯನ್ನು ಕೈಬಿಟ್ಟವರನ್ನು ಯೇಸು ಗದರಿಸಿದ್ದು ಮಾರ್ಕ 7ರಲ್ಲಿದೆ. ಹಾಗಾಗಿ ಅಪ್ಪನನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ನಿನ್ನ ಪ್ರಶ್ನೆ ಸರಿಯೇ. ಫಿಸಿಯೋಥೆರಪಿಗೆ ನಾನು ಕರೆದುಕೊಂಡು ಹೋಗಬಲ್ಲೆ. ಅಣ್ಣ ಶನಿವಾರ ಸುರತ್ಕಲ್‌ನಿಂದ ಬರುತ್ತಾನೆ. ರಾತ್ರಿ ಅವರನ್ನು ಎಬ್ಬಿಸಿ ಬಾತ್‌ರೂಮಿಗೆ ಕರೆದೊಯ್ಯುವುದು ನನ್ನೊಬ್ಬಳಿಂದ ಕಷ್ಟ. ಅದಕ್ಕೆ ಒಬ್ಬರನ್ನು ಇಡಬೇಕು. ನೀನು ಹೋದರೂ ಇದ್ದರೂ ಇಡಬೇಕು.

ಇನ್ನು ಒಂದೇ ಮಾತು. ನೀನು ಪಾಸ್ಟರನ್ನು ಕೇಳಿದೆ, ಆಂಟಿಯನ್ನು ಕೇಳಿದೆ, ಹಾಸ್ಟೆಲಿನ ಗೆಳತಿಯರನ್ನು, ನನ್ನನ್ನು ಕೇಳಿದೆ. ಅಪ್ಪನನ್ನು ಕೇಳಲಿಲ್ಲ. ಅವರ ಮಾತು ತೊದಲಿದ ದಿನದಿಂದ ಅವರ ಪರವಾಗಿ ನಾವೇ ಯೋಚಿಸುತ್ತಿದ್ದೇವೆ, ಅಲ್ವಾ? ಸನ್ಮಾನಿಸು ಎಂದರೆ ಮೊದಲು ಅವರನ್ನು ಕೇಳುವುದು ಎಂದು ನನಗೆ ನಿನ್ನೆ ರಾತ್ರಿಯೇ ಹೊಳೆದದ್ದು.

ಭಾನುವಾರ ಆರಾಧನೆ ಮುಗಿಸಿ ಹನ್ನೊಂದೂವರೆಗೆ ಮನೆಗೆ ಬರುತ್ತೇವೆ. ನೈಟ್ ಡ್ಯೂಟಿ ಇದ್ದರೆ ಊಟ ಮಾಡಿ, ಮಲಗಿ ಎದ್ದು ಆಮೇಲೆ ವಿಡಿಯೋ ಕಾಲ್ ಮಾಡು. ಪ್ರವಾದಿ ಎಲೀಯ ಸೋತು ಕೂತಾಗ ದೇವರು ಮಾತಿಗಿಂತ ಮೊದಲು ರೊಟ್ಟಿ ಕಳಿಸಿದನು, ನಿದ್ದೆ ಮಾಡಲು ಬಿಟ್ಟನು. ಅಪ್ಪನ ಕೈಗೆ ಫೋನ್ ಕೊಟ್ಟು ನಾನು ಅಡುಗೆಮನೆಗೆ ಹೋಗುತ್ತೇನೆ. ಒಂದು ಮಾತು ಪೂರ್ತಿ ಮಾಡಲು ಅವರಿಗೆ ಈಗ ತುಂಬ ಹೊತ್ತು ಬೇಕು. ನಡುವೆ ನೀನು ಮುಗಿಸಿಕೊಡಬೇಡ. ಕಾದಿರು.

ನಿನ್ನ ಅಮ್ಮ