ಗಾಡಿಯ ಡ್ರಾಯರ್‌ಗೆ ಅಡುಗೆಮನೆ ಚಾನೆಲ್ ಸಾಲದು

ಮಾನ್ಯ ಸಂಪಾದಕರೇ,

ನಾನು ಮೈಸೂರಿನಲ್ಲಿ ಎಲೆಕ್ಟ್ರಿಕಲ್ ಕೆಲಸ ಮಾಡುವವನು. ಮನೆ ವೈರಿಂಗ್, ಪಂಪ್‌ಸೆಟ್, ಯುಪಿಎಸ್, ಏನೇ ಇದ್ದರೂ ಹೋಗುತ್ತೇನೆ. ಒಂದು ಸಣ್ಣ ವ್ಯಾನ್ ಇದೆ, ಅದರ ಹಿಂದೆ ಕಬೋರ್ಡ್, ಅದರೊಳಗೆ ನನ್ನ ಸಾಮಾನು. ನನ್ನ ಹಾಗೆ ಗಾಡಿಯಲ್ಲೇ ಅಂಗಡಿ ಇಟ್ಟುಕೊಂಡು ಓಡಾಡುವವರು ಈ ಊರಲ್ಲಿ ತುಂಬಾ ಜನ ಇದ್ದಾರೆ. ಪ್ಲಂಬರ್‌ಗಳು, ಎಸಿ ರಿಪೇರಿಯವರು, ರಿಂಗ್ ರೋಡ್ ಪಕ್ಕ ಸಂಜೆ ನಿಲ್ಲುವ ಟಿಫಿನ್ ಗಾಡಿಯವರು. ನಮ್ಮೆಲ್ಲರ ಗಾಡಿಯೊಳಗೂ ಡ್ರಾಯರ್ ಇರುತ್ತದೆ. ಆ ಡ್ರಾಯರ್ ಬಗ್ಗೆಯೇ ಈ ಪತ್ರ. ಸಣ್ಣ ವಿಷಯ ಅನ್ನಿಸಬಹುದು, ಆದರೂ ದಯವಿಟ್ಟು ಪೂರ್ತಿ ಓದಿ.

ಹೋದ ಸಲ ಕಬ್ಬು ಕಟಾವಿನ ಸಮಯ. ಪಾಂಡವಪುರದ ಕಡೆ ಒಂದು ಪಂಪ್‌ಸೆಟ್ ಕೆಲಸ ಮುಗಿಸಿ ಸಂಜೆ ಏಳರ ಹೊತ್ತಿಗೆ ವಾಪಸ್ ಬರುತ್ತಿದ್ದೆವು. ಪಕ್ಕದ ಸೀಟಿನಲ್ಲಿ ನನ್ನ ಅಕ್ಕನ ಮಗ, ಕೆಲಸ ಕಲಿಯಲು ನನ್ನ ಜೊತೆ ಬರುವ ಹುಡುಗ. ಕತ್ತಲಲ್ಲಿ ಮುಂದೆ ಕಬ್ಬು ತುಂಬಿದ ಟ್ರ್ಯಾಕ್ಟರ್ ಹೋಗುತ್ತಿತ್ತು, ಟ್ರೈಲರ್ ಹಿಂದೆ ಲೈಟೂ ಇಲ್ಲ, ಹೊಳೆಯುವ ಕೆಂಪು ಸ್ಟಿಕ್ಕರೂ ಇಲ್ಲ. ಹತ್ತಿರ ಹೋದ ಮೇಲೇ ಕಂಡಿದ್ದು. ಬ್ರೇಕ್ ತುಳಿದೆ. ಕಬ್ಬಿನ ಗರಿ ಮುಂದಿನ ಗಾಜಿಗೆ ತಾಗುತ್ತದೆ ಅನ್ನುವಷ್ಟರಲ್ಲಿ ಗಾಡಿ ನಿಂತಿತು. ಇಬ್ಬರೂ ಬೆಲ್ಟ್ ಹಾಕಿದ್ದೆವು, ಬಚಾವಾದೆವು ಅಂತ ಉಸಿರು ಬಿಡುವ ಮೊದಲೇ ಹಿಂದಿನಿಂದ ಧಡ್ ಅಂತ ಸದ್ದು. ಮೇಲಿನ ಡ್ರಾಯರ್ ತಾನೇ ತೆರೆದುಕೊಂಡು, ಅದು ಜಾರುವ ಕಬ್ಬಿಣದ ಹಳಿಯ, ಅಂದರೆ ಚಾನೆಲ್‌ನ, ಕೊನೆಯ ತಡೆಯನ್ನೂ ಕಿತ್ತುಕೊಂಡು, ಪೂರ್ತಿ ಹೊರಗೆ ಬಂದಿತ್ತು. ಅದರಲ್ಲಿದ್ದ ಹ್ಯಾಮರ್ ಡ್ರಿಲ್ ಸೀಟಿನ ಸಂದಿಯಿಂದ ತೂರಿ ಬಂದು ಹುಡುಗನ ಹೆಗಲಿಗೆ ಬಡಿಯಿತು. ಕಾಲರ್ ಬೋನ್ ಬಿರುಕು ಬಿಟ್ಟಿತು. ಆರು ವಾರ ಕೈ ಜೋಳಿಗೆಯಲ್ಲಿತ್ತು. ಒಂದು ಗೇಣು ಪಕ್ಕಕ್ಕೆ ಬಂದಿದ್ದರೆ ತಲೆಗೇ ಬೀಳುತ್ತಿತ್ತು. ಅವತ್ತು ರಾತ್ರಿ ಆಸ್ಪತ್ರೆಯಲ್ಲಿ ಅಕ್ಕನ ಮುಖ ನೋಡಲು ನನ್ನಿಂದ ಆಗಲಿಲ್ಲ.

ಮಾರನೇ ದಿನ ಕಬೋರ್ಡ್ ಬಿಚ್ಚಿ ನೋಡಿದೆ. ಮರದ ಚೂರು ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡಿಗೆ ಅರ್ಧ ಇಂಚಿನ ಸ್ಕ್ರೂ ಹಾಕಿ ಚಾನೆಲ್ ಕೂರಿಸಿದ್ದರು. ಹಂಪ್ಸ್ ಮೇಲೆ ಕುಲುಕಿ ಕುಲುಕಿ ಸ್ಕ್ರೂ ತೂತುಗಳು ಉದ್ದಕ್ಕೆ ಹಿಗ್ಗಿದ್ದವು. ಒಂದರೊಳಗೆ ಪೆನ್ಸಿಲ್ ಇಟ್ಟೆ, ಸಲೀಸಾಗಿ ಹೋಯಿತು. ಕೆಳಗೆ ಮರದ ಪುಡಿ ರವೆಯ ಹಾಗೆ ಉದುರಿತ್ತು. ಇನ್ನೊಂದು ತಪ್ಪು ನನ್ನದೇ. ಪಕ್ಕದ ಬಾಗಿಲಿನಿಂದ ಕೈ ಹಾಕಿದರೆ ಸಾಮಾನು ಸಿಗಲಿ ಅಂತ ಡ್ರಾಯರ್‌ಗಳ ಮುಖ ಡ್ರೈವರ್ ಕಡೆಗೆ ಇಡಿಸಿದ್ದೆ. ಅಂದರೆ ಬ್ರೇಕ್ ಹಾಕಿದಾಗ ಯಾವ ಕಡೆ ಸಾಮಾನು ನುಗ್ಗುತ್ತದೋ ಅದೇ ಕಡೆಗೆ ಡ್ರಾಯರ್ ತೆರೆಯುತ್ತಿತ್ತು. ಕೆಲಸ ಮಾಡಿದ ಆಚಾರಿಯನ್ನು ನಾನು ದೂರುವುದಿಲ್ಲ. ಅಡುಗೆಮನೆಗೆ ಹೇಗೆ ಮಾಡುತ್ತಾರೋ ಹಾಗೇ ಮಾಡಿಕೊಟ್ಟರು. ಆದರೆ ಅಡುಗೆಮನೆ ಓಡುವುದಿಲ್ಲ, ಅಲ್ವಾ?

ಸ್ವಲ್ಪ ಲೆಕ್ಕ ಹೇಳುತ್ತೇನೆ. ಒಣ ರಸ್ತೆಯಲ್ಲಿ ಜೋರಾಗಿ ಬ್ರೇಕ್ ಹಾಕಿದರೆ ಸಾಮಾನು ತನ್ನ ತೂಕದ ಸುಮಾರು ಮುಕ್ಕಾಲು ಭಾಗದಷ್ಟು ಬಲದಿಂದ ಮುಂದಕ್ಕೆ ತಳ್ಳುತ್ತದೆ. 15 ಕೆಜಿ ತುಂಬಿದ ಡ್ರಾಯರ್ ಅಂದರೆ, 10 ಕೆಜಿಗೂ ಜಾಸ್ತಿ ತೂಕವನ್ನು ಹಿಡಿಗೆ ನೇತುಹಾಕಿ ಎಳೆದ ಹಾಗೆ. ಗುದ್ದಿ ನಿಂತರೆ ಕಥೆಯೇ ಬೇರೆ. 40 ಕಿಮೀ ವೇಗದಲ್ಲಿ ಹೋಗುವ ವಸ್ತು ಗುದ್ದುವುದೂ, ಅದೇ ವಸ್ತು ಸುಮಾರು 20 ಅಡಿ ಎತ್ತರದಿಂದ ಬೀಳುವುದೂ ಒಂದೇ. ವೇಗ 80 ಆದರೆ 80 ಅಡಿಗೂ ಮೀರುತ್ತದೆ. ಬೆಂಗಳೂರು ಹೆದ್ದಾರಿಯಲ್ಲಿ ನಮ್ಮ ಗಾಡಿಗಳು ಎಷ್ಟರಲ್ಲಿ ಹೋಗುತ್ತವೆ ಅಂತ ಎಲ್ಲರಿಗೂ ಗೊತ್ತು.

ಇಂಥ ಬಲದ ಮುಂದೆ ಸಾಫ್ಟ್ ಕ್ಲೋಸ್ ಚಾನೆಲ್ ನಿಲ್ಲುವುದಿಲ್ಲ. ಅದು ಮೆಲ್ಲಗೆ ಮುಚ್ಚುವುದಕ್ಕೆ ಇರುವ ಸ್ಪ್ರಿಂಗ್, ಹಿಡಿದಿಡುವುದಕ್ಕಲ್ಲ. ಮ್ಯಾಗ್ನೆಟ್ ಕ್ಯಾಚರ್ ಕೂಡ ಅಷ್ಟೇ, ಒಂದು ಹಂಪ್ಸ್ ಸಾಕು ಬಿಟ್ಟುಕೊಡುತ್ತದೆ. ಒತ್ತಿದರೆ ತೆರೆಯುವ ಪುಷ್ ಟು ಓಪನ್ ಅನ್ನಂತೂ ಗಾಡಿಗೆ ಹಾಕಲೇಬೇಡಿ, ಒಳಗಿನ ಸಾಮಾನು ಅಲುಗಾಡಿದರೂ ತೆರೆದುಕೊಳ್ಳುತ್ತದೆ. ಕಬ್ಬಿಣದ ಕೊಂಡಿಯೋ ಹಲ್ಲೋ ಸಿಕ್ಕಿಕೊಂಡು ಹಿಡಿಯಬೇಕು. ಅದೊಂದೇ ದಾರಿ.

ಹಾಗೆ ಹಿಡಿಯುವುದರಲ್ಲಿ ಹಲವು ಬಗೆ ಇವೆ. ಕೀ ಹಾಕಿ ತಿರುಗಿಸುವ ಕ್ಯಾಮ್ ಲಾಕ್ ಕಳ್ಳತನಕ್ಕೆ ಒಳ್ಳೆಯದು, ಆದರೆ ದಿನಕ್ಕೆ ಮೂವತ್ತು ಸಲ ತೆಗೆದು ಹಾಕುವ ಡ್ರಾಯರ್‌ಗೆ ಪ್ರತಿ ಸಲ ಯಾರು ಕೀ ತಿರುಗಿಸುತ್ತಾರೆ? ಎರಡು ದಿನ ತಿರುಗಿಸುತ್ತೇವೆ, ಮೂರನೇ ದಿನ ಸುಮ್ನೆ ಮುಚ್ಚಿ ಹೊರಡುತ್ತೇವೆ. ಸಾದಾ ಚಿಲಕವೂ ಹಾಗೇ. ಅದಕ್ಕೇ ನಾನು ಹೇಳುವುದು, ಮುಚ್ಚಿದ ಕೂಡಲೇ ತಾನೇ ಬೀಳುವ ಲಾಕ್ ಇರಬೇಕು. ನಾವು ಮರೆತರೂ ಅದು ಮರೆಯಬಾರದು. ಕ್ಯಾರವಾನ್‌ಗಳಲ್ಲಿ ಬರುವ ಗುಂಡಿ ಒತ್ತುವ ಲಾಚ್ ಸಣ್ಣ ಡ್ರಾಯರ್‌ಗೆ ಸಾಕು. ಭಾರದ ಡ್ರಾಯರ್‌ಗೆ ಲಾಕ್ ಇನ್ ಲಾಕ್ ಔಟ್ ಚಾನೆಲ್ ಹಾಕಿಸಿ. ಇದರಲ್ಲಿ ಚಾನೆಲ್ ಒಳಗೇ ಲಾಕ್ ಇರುತ್ತದೆ. ಪೂರ್ತಿ ಮುಚ್ಚಿದಾಗ ಒಂದು ಸಲ ಟಕ್ ಅನ್ನುತ್ತದೆ, ಪೂರ್ತಿ ಎಳೆದಾಗ ಇನ್ನೊಂದು ಸಲ. ಎರಡೂ ಕಡೆ ಇರುವ ಸಣ್ಣ ಲಿವರ್‌ಗಳನ್ನು ಹೆಬ್ಬೆರಳಿನಿಂದ ಒಟ್ಟಿಗೆ ಒತ್ತಿದರೆ ಮಾತ್ರ ಬಿಡುತ್ತದೆ. ತೆರೆದಾಗಲೂ ಲಾಕ್ ಯಾಕೆ ಬೇಕು ಅಂತ ನಾನೂ ಮೊದಲು ಕೇಳಿದ್ದೆ. ಚಾಮುಂಡಿ ಬೆಟ್ಟದ ರಸ್ತೆಯಂಥ ಇಳಿಜಾರಿನಲ್ಲಿ ಗಾಡಿ ನಿಲ್ಲಿಸಿ ಡ್ರಾಯರ್ ಎಳೆದು ನೋಡಿ, ಅದು ತಾನೇ ವಾಪಸ್ ಬಂದು ಬೆರಳು ಜಜ್ಜುತ್ತದೆ.

ತೂಕದ ವಿಷಯ. ಅಂಗಡಿಯಲ್ಲಿ ಸಿಗುವ ಸಾಮಾನ್ಯ 45 ಎಂಎಂ ಚಾನೆಲ್ ಮೇಲೆ 35 ಅಥವಾ 45 ಕೆಜಿ ಅಂತ ಇರುತ್ತದೆ. ಅದು ಒಂದು ಜೊತೆಗೆ ಹೇಳುವ ಲೆಕ್ಕ, ಒಂದೊಂದಕ್ಕೆ ಅಲ್ಲ. ಅದೂ ಅಲುಗದೆ ನಿಂತ ಮನೆಯ ಡ್ರಾಯರ್‌ಗೆ. ಗಾಡಿಗೆ ಅದರ ಅರ್ಧ ಅಂದುಕೊಳ್ಳಿ, ತೂಕ ಹಾಕುವಾಗ ಡ್ರಾಯರ್ ಮರದ್ದನ್ನೂ ಸೇರಿಸಿ.

ಈಗ ಕೂರಿಸುವುದು. ಸಾದಾ ಚಾನೆಲ್‌ಗೆ ಎರಡು ಕಡೆಯೂ ಅರ್ಧ ಅರ್ಧ ಇಂಚು ಜಾಗ ಬೇಕು, ಭಾರದ ಲಾಕಿಂಗ್ ಚಾನೆಲ್‌ಗಳಲ್ಲಿ ಹಲವಕ್ಕೆ ಮುಕ್ಕಾಲು ಇಂಚು ಬೇಕಾಗುತ್ತದೆ. ಹಾಗಾಗಿ ಚಾನೆಲ್ ಕೈಗೆ ಬರುವ ಮೊದಲು ಡ್ರಾಯರ್ ಕತ್ತರಿಸಬೇಡಿ. ನಾನು ಕತ್ತರಿಸಿ ಒಂದು ಶೀಟ್ ಹಾಳು ಮಾಡಿದೆ. ಗಾಡಿಯೊಳಗೆ ರಸಮಟ್ಟ ಇಟ್ಟು ಅಳೆಯುವುದೂ ಬೇಡ, ಗಾಡಿಯೇ ಒಂದು ಕಡೆ ವಾಲಿ ನಿಂತಿರುತ್ತದೆ. ಕಬೋರ್ಡಿನ ತಳದಿಂದ ಎರಡೂ ಕಡೆ ಒಂದೇ ಅಳತೆ ತೆಗೆದು ಗೆರೆ ಹಾಕಿ, ಆಮೇಲೆ ಮೂಲೆಯಿಂದ ಎದುರು ಮೂಲೆಗೆ ಟೇಪ್ ಹಿಡಿಯಿರಿ. ಎರಡೂ ಅಳತೆ ಒಂದೇ ಬಂದರೆ ಚೌಕ ಸರಿ ಇದೆ. ಬರಲಿಲ್ಲ ಅಂದರೆ ಚಾನೆಲ್ ಬಿಗಿಯುತ್ತದೆ, ಒಂದು ಕಡೆ ಲಾಕ್ ಬೀಳುತ್ತದೆ, ಇನ್ನೊಂದು ಕಡೆ ಬೀಳುವುದಿಲ್ಲ. ಆ ಅರ್ಧ ಲಾಕ್ ತುಂಬಾ ಅಪಾಯ, ಯಾಕೆಂದರೆ ನೋಡಿದರೆ ಹಾಕಿದ ಹಾಗೇ ಕಾಣುತ್ತದೆ.

ಪಾರ್ಟಿಕಲ್ ಬೋರ್ಡ್, ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಎರಡೂ ಗಾಡಿಗೆ ಬೇಡ. ಐಎಸ್ 710 ಮಾರ್ಕ್ ಇರುವ ಮೆರೈನ್ ಪ್ಲೈವುಡ್ ತನ್ನಿ, ಮಳೆಗಾಲದ ತೇವಕ್ಕೂ ತಡೆಯುತ್ತದೆ. ಚಾನೆಲ್‌ಗೆ ಸ್ಕ್ರೂ ಬದಲು ಹಲಗೆ ದಾಟಿ ಆಚೆ ಬರುವ ಬೋಲ್ಟ್ ಹಾಕಿ, ಹಿಂದೆ ಅಗಲ ವಾಷರ್, ಕುಲುಕಿದರೂ ಸಡಿಲವಾಗದ ಹಾಗೆ ಒಳಗೆ ನೈಲಾನ್ ಉಂಗುರ ಇರುವ ನೈಲಾಕ್ ನಟ್ಟು. ಇಷ್ಟೆಲ್ಲ ಮಾಡಿ ಕಬೋರ್ಡನ್ನೇ ಗಾಡಿಗೆ ಬಿಗಿಯದೆ ಬಿಟ್ಟವರನ್ನು ನೋಡಿದ್ದೇನೆ. ಆಗ ಡ್ರಾಯರ್ ಬದಲು ಇಡೀ ಕಬೋರ್ಡ್ ಬರುತ್ತದೆ. ಗಾಡಿಯ ಕಬ್ಬಿಣಕ್ಕೇ ಬಿಗಿಯಿರಿ, ಆದರೆ ಡ್ರಿಲ್ ಇಡುವ ಮೊದಲು ಬಗ್ಗಿ ಕೆಳಗೆ ನೋಡಿ. ಪೆಟ್ರೋಲ್ ಟ್ಯಾಂಕ್, ಬ್ರೇಕ್ ಪೈಪ್, ವೈರ್ ಎಲ್ಲ ಅಲ್ಲೇ ಇರುತ್ತವೆ, ಸಿಎನ್‌ಜಿ ಗಾಡಿಯಾದರೆ ಇನ್ನೂ ಜಾಸ್ತಿ ಜಾಗ್ರತೆ ಬೇಕು. ತೂತಿನ ಅಂಚಿಗೆ ಪ್ರೈಮರ್ ಹಚ್ಚಿ, ಇಲ್ಲದಿದ್ದರೆ ಒಂದು ಮಳೆಗಾಲಕ್ಕೆ ತುಕ್ಕು. ಸೀಟು ಕಿತ್ತು ಕಬೋರ್ಡ್ ಇಡುವವರು ಮೊದಲು ಆರ್‌ಟಿಒದಲ್ಲಿ ಕೇಳಿ, 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯನ್ನು ಮನಸ್ಸಿಗೆ ಬಂದ ಹಾಗೆ ಬದಲಾಯಿಸಲು ಬಿಡುವುದಿಲ್ಲ.

ಸಾಧ್ಯವಾದರೆ ಭಾರದ ಡ್ರಾಯರ್ ಹಿಂದಿನ ಬಾಗಿಲ ಕಡೆಗೆ ತೆರೆಯಲಿ. ಬ್ರೇಕ್ ಹಾಕಿದರೆ ಅದು ಒಳಕ್ಕೇ ಒತ್ತಿಕೊಳ್ಳುತ್ತದೆ. ಏರು ಹತ್ತುವಾಗ, ಗಾಡಿ ವೇಗ ಹೆಚ್ಚಿಸುವಾಗ ಹಿಂದಕ್ಕೆ ಎಳೆಯುತ್ತದೆ ನಿಜ, ಆದರೆ ಆ ಎಳೆತ ಬ್ರೇಕಿನಷ್ಟು ಇರುವುದಿಲ್ಲ, ಲಾಕ್ ತಡೆಯುತ್ತದೆ. ಡ್ರಿಲ್, ಕಟಿಂಗ್ ಮಷಿನ್ ಎಲ್ಲ ಕೆಳಗಿನ ಡ್ರಾಯರ್‌ನಲ್ಲಿ ಇರಲಿ. ಕೆಲಸ ಮುಗಿದ ಮೇಲೆ ಸಾಮಾನು ತುಂಬಿ, ಯಾರನ್ನೂ ಕೂರಿಸಿಕೊಳ್ಳದೆ, ಖಾಲಿ ಮೈದಾನದಲ್ಲಿ 20 ಕಿಮೀ ವೇಗದಲ್ಲಿ ಗಟ್ಟಿಯಾಗಿ ಬ್ರೇಕ್ ಹಾಕಿ ನೋಡಿ. ಒಂದು ವಾರದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ಬಿಗಿಯಿರಿ. ಚಾನೆಲ್‌ಗೆ ದಪ್ಪ ಗ್ರೀಸ್ ಮೆತ್ತಬೇಡಿ, ಹಳ್ಳಿ ರಸ್ತೆಯ ಧೂಳು ಅಂಟಿ ಲಾಕ್ ಬೀಳದ ಹಾಗೆ ಆಗುತ್ತದೆ. ಬಟ್ಟೆಯಲ್ಲಿ ಒರೆಸಿ ತೆಳು ಎಣ್ಣೆ ಹಾಕಿದರೆ ಸಾಕು.

ಹೋದ ವಾರ ರಿಂಗ್ ರೋಡ್ ಪಕ್ಕ ಒಂದು ಟಿಫಿನ್ ಗಾಡಿಯಲ್ಲಿ ದೋಸೆ ತಿನ್ನುತ್ತಾ ನಿಂತಿದ್ದೆ. ಚಾಕು, ತುರಿಯುವ ಮಣೆ ಇಟ್ಟ ಡ್ರಾಯರ್‌ಗೆ ಸೈಕಲ್ ಟ್ಯೂಬ್ ಸುತ್ತಿ ಕಟ್ಟಿದ್ದರು. ಟ್ಯೂಬ್ ಬಿಸಿಲಿಗೆ ಒಣಗಿ ಅಲ್ಲಲ್ಲಿ ಸೀಳಿತ್ತು. ಅದರ ಮುಂದೆ ಸ್ಟೂಲ್ ಮೇಲೆ ಅವರ ಮಗಳು ಕೂತು ಹೋಂವರ್ಕ್ ಬರೆಯುತ್ತಿದ್ದಳು. ಗಾಡಿ ಹೊರಟಾಗಲೂ ಇಲ್ಲೇ ಕೂರುತ್ತಾಳಾ ಅಂತ ಕೇಳಿದೆ. ಹೌದು ಅಣ್ಣ, ಇನ್ನೆಲ್ಲಿ ಕೂರಿಸಲಿ ಅಂದರು ಆ ತಾಯಿ. ನನ್ನ ಕಥೆ ಹೇಳಿದೆ. ಮಾರನೇ ದಿನವೇ ನನ್ನ ಹತ್ತಿರ ಉಳಿದಿದ್ದ ಎರಡು ಲಾಚ್ ತೆಗೆದುಕೊಂಡು ಹೋಗಿ ಬೋಲ್ಟ್ ಹಾಕಿ ಕೂರಿಸಿಕೊಟ್ಟೆ, ಅರ್ಧ ಗಂಟೆ ಆಯಿತು ಅಷ್ಟೇ. ಮಗು ಇನ್ನು ಮುಂದಿನ ಸೀಟಿನಲ್ಲಿ ಬೆಲ್ಟ್ ಹಾಕಿ ಕೂರುತ್ತಾಳೆ ಅಂತ ಅವರು ಮಾತು ಕೊಟ್ಟಿದ್ದಾರೆ.

ನಮ್ಮ ಹಾರ್ಡ್‌ವೇರ್ ಅಂಗಡಿಯವರಲ್ಲಿ ಒಂದು ವಿನಂತಿ. ಲಾಕ್ ಇನ್ ಚಾನೆಲ್ ಕೇಳಿದರೆ ನಾಲ್ಕು ಅಂಗಡಿಯಲ್ಲಿ ಮೂರು ಕಡೆ ಸಾಫ್ಟ್ ಕ್ಲೋಸ್ ತೋರಿಸಿದರು, ಕೊನೆಗೆ ನಾನು ಬೆಂಗಳೂರಿನಿಂದ ತರಿಸಿದೆ. ಬೆಲೆ ಜಾಸ್ತಿ, ಗೊತ್ತು. ಒಂದೆರಡು ಜೊತೆ ಆದರೂ ಇಟ್ಟುಕೊಳ್ಳಿ. ಚಾನೆಲ್ ಕೊಳ್ಳಲು ಬಂದವರನ್ನು ಮನೆಗಾ ಗಾಡಿಗಾ ಅಂತ ಒಂದು ಮಾತು ಕೇಳಿ. ಐಟಿಐಗಳಲ್ಲಿ ಮರಗೆಲಸ, ಫಿಟ್ಟರ್ ಕೆಲಸ ಕಲಿಸುವ ಮೇಷ್ಟ್ರುಗಳು ಹುಡುಗರಿಂದ ಇಂಥ ಒಂದು ಡ್ರಾಯರ್ ಮಾಡಿಸಿದರೆ ತುಂಬಾ ಉಪಕಾರ. ಮಂಡ್ಯ ಕಡೆಯ ಟ್ರ್ಯಾಕ್ಟರ್ ಮಾಲೀಕರೇ, ಟ್ರೈಲರ್ ಹಿಂದೆ ಕೆಂಪು ರಿಫ್ಲೆಕ್ಟರ್ ಅಂಟಿಸಿ, ಕಬ್ಬಿನ ತುದಿ ಅದನ್ನು ಮುಚ್ಚದ ಹಾಗೆ ಕಟ್ಟಿ.

ಹುಡುಗ ಈಗ ಮತ್ತೆ ಕೆಲಸಕ್ಕೆ ಬರುತ್ತಿದ್ದಾನೆ. ಭಾರ ಎತ್ತುವಾಗ ಇನ್ನೂ ಹೆಗಲು ಹಿಡಿದುಕೊಳ್ಳುತ್ತಾನೆ.

ಇಂತಿ,
ಒಬ್ಬ ಎಲೆಕ್ಟ್ರಿಷಿಯನ್,
ಮೈಸೂರು