ವಾರ್ಡಿನಲ್ಲಿ ಜೊತೆಗೆ ನಿಂತ ಅಕ್ಕನಿಗೆ

ಬಿಎಸ್ಸಿ ನರ್ಸಿಂಗ್ ಮೊದಲ ವರ್ಷದ ನಮ್ಮನ್ನು ಮೊದಲ ಸಲ ವಾರ್ಡಿಗೆ ಕಳಿಸಿದಾಗ ಜೊತೆಗಿದ್ದ ಸೀನಿಯರ್ ಅಕ್ಕನಿಗೆ ತುಂಬು ಹೃದಯದ ಧನ್ಯವಾದ. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕುವುದಿಲ್ಲ.

ಕಾಲೇಜಿನವರೂ ನಮ್ಮನ್ನು ಪ್ರೀತಿಯಿಂದಲೇ ಬರಮಾಡಿಕೊಂಡರು. ದೀಪ ಹಚ್ಚಿಸಿ, ನರ್ಸ್‌ಗಳು ಸ್ವೀಕರಿಸುವ ನೈಟಿಂಗೇಲ್ ಪ್ರತಿಜ್ಞೆ ಹೇಳಿಸಿದರು. 1893ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ರೂಪುಗೊಂಡ ಪ್ರತಿಜ್ಞೆ ಅದು. ಹೇಳುವಾಗ ಮೈ ಜುಮ್ಮೆಂದಿತು. ಆದರೆ ರೋಗಿಯ ಮುಂದೆ ನಿಂತಾಗ ಧೈರ್ಯ ಕೊಟ್ಟವರು ನೀವು.

ನಾಡಿ ನೋಡುವುದನ್ನು ನಿಮ್ಮದೇ ಕೈ ಚಾಚಿ ಕಲಿಸಿದಿರಿ. ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಕಡೆಗೆ, ನಮ್ಮ ತೋರುಬೆರಳು ನಡುಬೆರಳು ಇಡಿಸಿದಿರಿ. "ಹೆಬ್ಬೆರಳಲ್ಲಿ ಹಿಡೀಬೇಡ, ಅದರಲ್ಲೂ ನಾಡಿ ಬಡಿಯುತ್ತೆ, ನಿನ್ನದನ್ನೇ ಎಣಿಸಿಬಿಡ್ತೀಯ. ಪೂರ್ತಿ ಒಂದು ನಿಮಿಷ ಎಣಿಸು." ಉಸಿರು ಎಣಿಸುವುದನ್ನು ಮಾತ್ರ ರೋಗಿಗೆ ಹೇಳಬಾರದು, ಗೊತ್ತಾದರೆ ಉಸಿರಾಟವೇ ಬದಲಾಗುತ್ತೆ, ನಾಡಿ ಹಿಡಿದ ಹಾಗೇ ಎದೆಯ ಏರಿಳಿತ ನೋಡ್ತಿರು ಅಂದಿರಿ. ಪಾಠದಲ್ಲಿ ಇದೆಲ್ಲ ಇತ್ತು, ಆದರೆ ಅರ್ಥವಾಗಿದ್ದು ಅಲ್ಲೇ.

ಅದಕ್ಕಿಂತ ದೊಡ್ಡದು, ಅಜ್ಜಿಯೊಬ್ಬರನ್ನು ಮುಟ್ಟುವ ಮುಂಚೆ ನೀವು "ಅಜ್ಜಿ, ಕೈ ಹಿಡಿದು ನೋಡ್ಲಾ?" ಅಂತ ಕೇಳಿ, ಅವರು ಹೂಂ ಅನ್ನುವ ತನಕ ಕಾದದ್ದು. ನಾನು ಈಗ ಕೇಳದೆ ಯಾರ ಕೈಯನ್ನೂ ಹಿಡಿಯುವುದಿಲ್ಲ.

ಎಸ್ಸೆಸ್ಸೆಲ್ಸಿ ತನಕ ಕನ್ನಡ ಮಾಧ್ಯಮದಲ್ಲಿ ಓದಿದ ನಮಗೆ, ನೈಟ್ ಡ್ಯೂಟಿಯ ಸುಸ್ತಿನಲ್ಲೂ ಹಾಸ್ಟೆಲ್ಲಿನಲ್ಲಿ ಅನಾಟಮಿ, ಅಂದರೆ ದೇಹರಚನೆಯ ಪಾಠ, ಹೇಳಿಕೊಟ್ಟಿರಿ. ಆ ಋಣ ದೊಡ್ಡದು.

ಹೊಸ ಬ್ಯಾಚ್ ಬರುತ್ತಿದೆ ಅಕ್ಕ. ಅವರ ಜೊತೆ ವಾರ್ಡಿಗೆ ಹೋಗಲು ನಾವು ಕೆಲವರು ಹೆಸರು ಕೊಟ್ಟಿದ್ದೇವೆ. ಬಿಡುವಿದ್ದರೆ ನೀವೂ ಒಂದು ದಿನ ಬನ್ನಿ.